ಕವಲಿನಲ್ಲಿ ನಾನು ನಿಂತಿರಲಿಲ್ಲ

ಆವತ್ತು ಆ ಕವಲಿನಲ್ಲಿ ನಾನು ನಿಂತಿರಲಿಲ್ಲ. ನಿಂತಿದ್ದೆ ಎಂದು ಹೇಳಿದ್ದು ಸುಳ್ಳು. ಕೈ ಬೀಸಿ ತೋರಿಸಿದೆ, ಅವನೇ ನೋಡಲಿಲ್ಲ ಎಂದು ಸೇರಿಸಿದ್ದು ಇನ್ನೂ ಹೊಲಸು ಸುಳ್ಳು. ಮೊದಲನೆಯದನ್ನು ಹೆದರಿಕೆಯಲ್ಲಿ ಹೇಳಿದಳು ಎಂದು ಯಾರಾದರೂ ಕನಿಕರಪಡಬಹುದು. ಎರಡನೆಯದನ್ನು — ಅದನ್ನು ನಾನು ಒಂದು ಕ್ಷಣ ವಿಚಾರ ಮಾಡಿ, ಮೊದಲನೆಯದು ಗಟ್ಟಿಯಾಗಿ ನಿಲ್ಲಲಿ ಎಂದು ಹೇಳಿದೆ. ಆ ಮಾತನ್ನು ನಂಬಿ ಒಬ್ಬ ಮನುಷ್ಯ ವರ್ಷಗಟ್ಟಲೆ ತನ್ನ ಕಣ್ಣನ್ನು ತಾನೇ ನಂಬದೆ ಬದುಕಿದ. ಅವನ ಹೆಸರು ವೈಜನಾಥ. ನನ್ನ ಹೆಸರು ಜಗದೇವಿ. ನಾನು ಹುಮನಾಬಾದ್ ತಾಲೂಕಿನಲ್ಲಿ ಊರೂರು ತಿರುಗಿ ದನಕರುಗಳಿಗೆ ಔಷಧ ಹಾಕುವವಳು.

ನನ್ನ ಬಾಯಿ ಜೋರು ಎಂದು ಈ ಕಡೆಯವರಿಗೆಲ್ಲ ಗೊತ್ತು. ಲಸಿಕೆ ಹಾಕಿಸದೆ, ಎಮ್ಮೆ ಸತ್ತ ಮೇಲೆ ಅಳುತ್ತ ಬರುವವರನ್ನು ನಾನು ಬೈಯದೆ ಕಳಿಸಿದ್ದೇ ಇಲ್ಲ. ಹೆಣ್ಣುಮಗಳೊಬ್ಬಳು ಬೈಕಿನ ಮೇಲೆ ಬಂದು ಹೋರಿಯ ಮೂಗುದಾರ ಹಿಡಿಯುವುದನ್ನು ನೋಡಿ ಕಟ್ಟೆಯ ಮೇಲೆ ಕಿಸಕ್ಕೆನ್ನುವ ಗಂಡಸರಿಗೆ, "ಬರ್ರಿ, ನೀವೇ ಹಿಡೀರಿ" ಎಂದು ಹಗ್ಗ ಮುಂದೆ ಚಾಚಿದವಳು ನಾನು. ಹೆಮ್ಮೆಗೆ ಹೇಳುತ್ತಿಲ್ಲ. ಇಷ್ಟು ಬಾಯಿ ಇದ್ದವಳು ಒಂದೇ ಒಂದು ಖರೇ ಮಾತಾಡಲು ಇಷ್ಟು ವರ್ಷ ತೆಗೆದುಕೊಂಡಳಲ್ಲ — ಅದು ನಿಮಗೆ ತಿಳಿದಿರಲಿ ಎಂದು ಹೇಳುತ್ತಿದ್ದೇನೆ.

ಬಸ್ಸು ಹೋಗದ ಹಟ್ಟಿಗಳಿಗೆ ಹೋಗಲು ನನಗೆ ಬೈಕು ಬೇಕಾಗಿತ್ತು. ಅದರ ರಿಪೇರಿಗೆಂದು ಹುಮನಾಬಾದಿನ ನಜೀರ್ ಭಾಯಿಯ ಗ್ಯಾರೇಜಿಗೆ ಹೋಗುತ್ತಿದ್ದೆ. ಪ್ರತಿ ಸಲವೂ ಬಾಗಿದ ಕಾಲಮೆಟ್ಟು, ಮುರಿದ ಲಿವರು. ಒಮ್ಮೆ ಅವರು ಬೋಲ್ಟು ಬಿಚ್ಚುವ ಪಾನಾ ಒರೆಸಿಕೊಳ್ಳುತ್ತ ಹೇಳಿದರು, "ಮೇಡಂ, ನಿಮ್ಮ ಗಾಡಿ ರೋಡಿನಕಿಂತ ಜಾಸ್ತಿ ಹೊಲದಾಗೇ ಓಡಾಕತ್ತದ. ಹೊಲಕ್ಕ ತಕ್ಕ ಗಾಡೀನೇ ತಗೋರಲ್ಲ." ಹಾಗೆ ಬಂದಿದ್ದು ಆ ಎತ್ತರದ ಬೈಕು — ಡಾಂಬರಿಗೂ ಸೈ, ಕಲ್ಲುಮುಳ್ಳಿನ ದಾರಿಗೂ ಸೈ. ಡ್ಯುಯಲ್ ಸ್ಪೋರ್ಟ್ ಅನ್ನುತ್ತಾರೆ. ನನ್ನ ಕಾಲಿನ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು. ಮೊದಲ ವಾರ ನಿಂತಲ್ಲೇ ಬಿದ್ದಿದ್ದೇನೆ.

ನಜೀರ್ ಭಾಯಿ ವಯಸ್ಸಿನಲ್ಲಿದ್ದಾಗ ಮುಂಬೈಯಲ್ಲಿ ಮೆಕ್ಯಾನಿಕ್ ಆಗಿದ್ದವರು. ರಾಜಸ್ಥಾನದ ಮರಳಿನಲ್ಲಿ ಹಲವು ದಿನ ನಡೆಯುವ ಒಂದು ಕಠಿಣ ಬೈಕ್ ಸವಾರಿಗೆ ರಿಪೇರಿಯವರಾಗಿ ಹೋಗಿಬಂದಿದ್ದರು. ಒಮ್ಮೆಯಾದರೂ ಅದರಲ್ಲಿ ತಾವೇ ಓಡಿಸಬೇಕೆಂಬ ಹುಚ್ಚು ಅವರಿಗೆ ಉಳಿದುಬಿಟ್ಟಿತ್ತು. ಮೂವರ ತಂಡ ಬೇಕು. ಒಬ್ಬರು ಬಿದ್ದರೆ ಉಳಿದಿಬ್ಬರು ಎತ್ತಬೇಕು. ನನ್ನನ್ನು ಕೇಳಿದರು. ನಾನು ಯೋಚನೆಯನ್ನೂ ಮಾಡದೆ ಹೂಂ ಎಂದೆ. ಮೂರನೆಯವನೇ ವೈಜನಾಥ — ದುಬಲಗುಂಡಿಯವನು, ಕೂಲಿ ಮಾಡಿಕೊಂಡು ಬಂದ ಮನೆತನ, ಅವನು ಮಾತ್ರ ಸ್ಟೇರಿಂಗು ಹಿಡಿದಿದ್ದ. ಹಳ್ಳಿಗಳಿಂದ ಮಕ್ಕಳನ್ನು ಹುಮನಾಬಾದಿನ ಶಾಲೆಯೊಂದಕ್ಕೆ ಕರೆತರುವ ವ್ಯಾನಿನ ಡ್ರೈವರು. ಗ್ಯಾರೇಜಿನ ಹಿಂದೆ ತುಕ್ಕು ಹಿಡಿದು ಬಿದ್ದಿದ್ದ ಒಂದು ಹಳೆ ಬೈಕನ್ನು ನಜೀರ್ ಭಾಯಿ ಅವನಿಗಾಗಿ ಎಬ್ಬಿಸಿ ನಿಲ್ಲಿಸಿಕೊಟ್ಟಿದ್ದರು. ಮೂವರಲ್ಲಿ ಅವನೇ ಚೊಲೋ ಸವಾರ. ಇದನ್ನು ಆಗ ನಾನು ಬಾಯಿಬಿಟ್ಟು ಒಪ್ಪುತ್ತಿರಲಿಲ್ಲ.

ಭಾನುವಾರ ಬೆಳಕು ಹರಿಯುವಾಗ ಹೊರಡುತ್ತಿದ್ದೆವು. ಟಯರಿನ ಗಾಳಿ ಅರ್ಧ ಇಳಿಸಿ, ಸೀಟಿನ ಮೇಲೆ ಕೂರದೆ ಕಾಲಮೆಟ್ಟಿನ ಮೇಲೆ ನಿಂತು, ಮೊಣಕಾಲಿನಲ್ಲಿ ಟ್ಯಾಂಕು ಅವುಚಿಕೊಂಡು — ಹಾಗೆ ತಾಸುಗಟ್ಟಲೆ. ದುಬಲಗುಂಡಿಯ ಕಡೆಯ ಕರಿ ನೆಲ ಹಸಿಯಿದ್ದರೆ ಗಾಲಿಗೆ ಸುತ್ತಿಕೊಂಡು ಗಾಡಿಯನ್ನೇ ಹಿಡಿದು ನಿಲ್ಲಿಸುತ್ತಿತ್ತು. ಮೇಲಿನ ಕೆಂಪು ಮಡ್ಡಿಯಲ್ಲಿ ಮಣ್ಣಿಲ್ಲ, ಬರೇ ದುಂಡು ಹರಳು. ಅಂಗಳದಲ್ಲಿ ಹರವಿದ ಜೋಳದ ಮೇಲೆ ಓಡಿಸಿದ ಹಾಗೆ. ಕುರಿ ಹಿಂಡು ಅಡ್ಡ ಬಂದರೆ ಇಂಜಿನ್ ಬಂದ್ ಮಾಡಿ ನಿಲ್ಲಬೇಕು — ಇದು ನಾನೇ ಹಾಕಿದ ನಿಯಮ. ಬಸವಕಲ್ಯಾಣದ ಕಡೆ ಹೋದ ದಿನ ನಾರಾಯಣಪುರದ ಹಳೆ ಗುಡಿಯ ಹೊರಗೆ ಕೂತು ರೊಟ್ಟಿ ಬಿಚ್ಚುತ್ತಿದ್ದೆವು. ವೈಜನಾಥನ ಹೆಂಡತಿ ಕಾಶೀಬಾಯಿ ಕಟ್ಟಿಕೊಟ್ಟ ಪುಂಡಿಪಲ್ಯ ಮೂವರಿಗೂ ಸಾಲುತ್ತಿತ್ತು. ನಾನು ಬಿದ್ದಾಗಲೆಲ್ಲ ನೆಲಕ್ಕೆ ಬೈಯುತ್ತೇನೆಂದು ಅವನು ಕಾಡುತ್ತಿದ್ದ, "ಅಕ್ಕೋರ, ನೀವು ಬಿದ್ರ ಆ ನೆಲಾನೇ ಮಾಫಿ ಕೇಳಬೇಕು ನೋಡ್ರಿ." ನಾನು ನಗುತ್ತಿದ್ದೆ. ಒಳಗೆ ಉರಿಯುತ್ತಲೂ ಇದ್ದೆ. ಎರಡೂ ಖರೇ.

ಈಗ ಕವಲಿನ ನಿಯಮದ ವಿಷಯ ಹೇಳಬೇಕು, ಅದು ಗೊತ್ತಾಗದಿದ್ದರೆ ನನ್ನ ತಪ್ಪಿನ ತೂಕ ಗೊತ್ತಾಗುವುದಿಲ್ಲ. ನಜೀರ್ ಭಾಯಿ ಮುಂದೆ, ನಾನು ನಡುವೆ, ವೈಜನಾಥ ಕೊನೆಗೆ. ಕೊನೆಯವನು ಎಲ್ಲರಿಗಿಂತ ಚೊಲೋ ಸವಾರನಾಗಿರಬೇಕು, ಬಿದ್ದವರನ್ನು ಎತ್ತುವವನು ಅವನೇ. ಮುಂದಿನ ಗಾಡಿಯ ಧೂಳು ಪೂರಾ ಇಳಿದ ಮೇಲೆಯೇ ಅವನು ಬರುತ್ತಿದ್ದ, ಹೀಗಾಗಿ ಬಹಳ ದೂರ ಹಿಂದಿರುತ್ತಿದ್ದ. ದಾರಿ ಕವಲೊಡೆಯುವಲ್ಲಿ ನಜೀರ್ ಭಾಯಿ ತಿರುಗಿದರೆ, ನಡುವಿನವಳಾದ ನಾನು ಅಲ್ಲೇ ನಿಲ್ಲಬೇಕು. ವೈಜನಾಥ ಬಂದು ನನ್ನನ್ನು ನೋಡಿ, ನಾನು ತೋರಿಸಿದ ಕಡೆ ತಿರುಗುವವರೆಗೆ ಅಲುಗಬಾರದು. ಕವಲಿನಲ್ಲಿ ಯಾರೂ ಇಲ್ಲದಿದ್ದರೆ ಅರ್ಥ ಒಂದೇ: ನೇರ ಹೋಗು. ನಜೀರ್ ಭಾಯಿ ಪ್ರತಿ ವಾರ ಹೇಳುತ್ತಿದ್ದರು, "ನಿಂತ ಮನಷ್ಯಾನೇ ಬೋರ್ಡು. ಬೋರ್ಡು ನಡದಾಡಂಗಿಲ್ಲ."

ದುಬಲಗುಂಡಿಯಾಚೆಯ ಮಡ್ಡಿಯಲ್ಲಿ ಅಂಥದೊಂದು ಕವಲು. ಅದರ ಬಲಕ್ಕೆ ಒಂದು ದಿಬ್ಬ — ಎತ್ತರವೇನಲ್ಲ, ಆದರೆ ಕಡಿದು, ನಡುವೆ ಮೆಟ್ಟಿಲಿನಂಥ ಒಂದು ಕಲ್ಲು. ನಜೀರ್ ಭಾಯಿ ಹತ್ತಿದ್ದರು. ವೈಜನಾಥ ಹಾಡು ಗುನುಗುತ್ತ ಹತ್ತಿದ್ದ. ನಾನು ಪ್ರತಿ ವಾರ ಆ ಕಲ್ಲಿನ ಹತ್ತಿರ ಬಿದ್ದಿದ್ದೆ. ಬಿದ್ದಾಗಲೆಲ್ಲ ಇಬ್ಬರೂ ಓಡಿಬಂದು ಗಾಡಿ ಎತ್ತುತ್ತಿದ್ದರು. ಆ ಎತ್ತುವುದಿದೆಯಲ್ಲ — ಅದು ನನಗೆ ಬೀಳುವುದಕ್ಕಿಂತ ಕಷ್ಟವಾಗುತ್ತಿತ್ತು. ಅವರು ಒಂದು ಮಾತೂ ಆಡಿದವರಲ್ಲ. ಆದರೂ ನನಗೆ ಆ ಕಟ್ಟೆಯ ಗಂಡಸರ ಕಿಸಕ್ ನಗು ಕೇಳುತ್ತಿತ್ತು. ಯಾರೂ ನೋಡದಾಗ ಒಮ್ಮೆ ಹತ್ತಬೇಕು, ಯಾರೂ ನೋಡದಾಗ — ಇದೊಂದೇ ತಲೆಯಲ್ಲಿ.

ಆ ದಿನ ಹಿಂಗಾರಿ ಜೋಳ ಮೊಣಕಾಲಿಗೆ ಬಂದಿತ್ತು, ಬಿಸಿಲು ಹಿತವಾಗಿತ್ತು. ಕವಲಿಗೆ ಬಂದಾಗ ನಜೀರ್ ಭಾಯಿ ಗಾಡಿ ನಿಲ್ಲಿಸಿ, ಹೆಲ್ಮೆಟ್ಟಿನ ಗಾಜು ಎತ್ತಿ, ನನಗೆ ಬಿಡಿಸಿ ಹೇಳಿದರು: "ನೇರ ಹೋಗೋ ದಾರಿ ಕೆಂಗಲ್ಲಿನ ಖಣಿಯವ್ರು ಕಡದಾರಂತ. ದಿಣ್ಣಿ ಇಳದ ಮ್ಯಾಲೇ ಕಾಣ್ತದ, ಮೊದ್ಲು ಕಾಣಂಗಿಲ್ಲ. ನಾ ಎಡಕ್ಕ ಹೋಗ್ತೀನಿ. ವೈಜೂ ಬರೋತನಕ ನಿಂದ್ರು."

ನಿಂದ್ರುತ್ತೇನೆ ಅಂದೆ. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ ನೋಡಿ. ಎಲ್ಲ ಗೊತ್ತಿತ್ತು.

ಅವರು ಹೋದರು. ಧೂಳು ಇಳಿಯಿತು. ವೈಜನಾಥ ಬರಲಿಲ್ಲ. ಎಲ್ಲೋ ಕುರಿ ಅಡ್ಡ ಬಂದಿರಬೇಕು, ನನ್ನದೇ ನಿಯಮದಂತೆ ಇಂಜಿನ್ ಬಂದ್ ಮಾಡಿ ನಿಂತಿರಬೇಕು ಅಂದುಕೊಂಡೆ. ಆಮೇಲೆ ಗೊತ್ತಾದ ಹಾಗೆ ನಿಂತದ್ದೂ ಹೌದು. ಬಲಕ್ಕೆ ಆ ದಿಬ್ಬ. ಸುತ್ತ ಒಂದು ನರಪಿಳ್ಳೆಯಿಲ್ಲ. ಈಗ ಹತ್ತಿ ಇಳಿದರೆ — ಅವನ ಇಂಜಿನ್ ಕೇಳಿಸಿದ ಕೂಡಲೇ ಇಳಿದುಬಿಟ್ಟರೆ —

ಹತ್ತಿದೆ. ಆ ಕಲ್ಲಿನ ಹತ್ತಿರ ಮುಂದಿನ ಗಾಲಿ ಎದ್ದಿತು, ನಾನು ಎದೆಯನ್ನು ಮುಂದೆ ಒಗೆದೆ, ಕೈ ಸಡಿಲಿಸಲಿಲ್ಲ, ಗಾಡಿ ದಾಟಿಬಿಟ್ಟಿತು. ಮೇಲೆ ನಿಂತಾಗ ದೂರದ ಹಳ್ಳ, ತೊಗರಿ ಹೊಲಗಳ ಹಳದಿ ಹೂ, ಎಲ್ಲ ಕಂಡಿತು. ಒಬ್ಬಳೇ ಜೋರಾಗಿ ನಕ್ಕೆ. ಅಷ್ಟು ಸಂತೋಷ ನನಗೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಅದನ್ನು ಬಚ್ಚಿಟ್ಟರೆ ಈ ನಿವೇದನೆಯೂ ಸುಳ್ಳಾಗುತ್ತದೆ. ಹೆಲ್ಮೆಟ್ಟಿನೊಳಗೆ ನನ್ನ ನಗು ನನಗೇ ಕೇಳುತ್ತಿದ್ದಾಗ, ಕೆಳಗಿನ ಇಂಜಿನ್ ಸದ್ದು ಕೇಳಲಿಲ್ಲ. ತಿರುಗಿ ನೋಡಿದಾಗ ಕವಲು ದಾಟಿ ಧೂಳು ನೇರ ಹೊರಟಿತ್ತು.

ಕೂಗಿದೆ. ಯಾರಿಗೆ ಕೇಳಬೇಕು? ಹಾರ್ನ್ ಹಿಡಿದೆ. ಧೂಳು ದಿಣ್ಣೆಯ ಆಚೆ ಇಳಿಯಿತು, ಆಮೇಲೆ ಸದ್ದು ನಿಂತುಹೋಯಿತು.

ಕಲ್ಲು ಕೊಯ್ಯುವ ಆ ಖಣಿಯ ಗೋಡೆಯನ್ನು ಗರಗಸದಿಂದ ಕೊಯ್ದ ಹಾಗೆ ನೆಟ್ಟಗೆ ಕಡಿದಿದ್ದರು. ಆಳ ಒಂದೂವರೆ ಆಳಿನಷ್ಟು. ಅವನು ಕೆಳಗೆ ಒಂದು ಮಗ್ಗುಲಾಗಿ ಬಿದ್ದಿದ್ದ, ಗಾಡಿ ಅವನ ಕಾಲಿನ ಮೇಲೆ. ನಾನು ಹೇಗೆ ಇಳಿದೆನೋ ಗೊತ್ತಿಲ್ಲ. ಗಾಡಿ ಎಳೆದು ಸರಿಸಿದೆ. ಹೆಲ್ಮೆಟ್ಟು ತೆಗೆಯಬಾರದೆಂದು ಗೊತ್ತಿತ್ತು, ತೆಗೆಯಲಿಲ್ಲ. ಕಾಲು ಮುರಿದಿತ್ತು, ಹೆಗಲಿನ ಎಲುಬೂ. ಪ್ರಜ್ಞೆ ಇತ್ತು. ಸದ್ದು ಕೇಳಿ ನಜೀರ್ ಭಾಯಿ ಹಿಂದಿರುಗಿ ಬಂದರು. ಖಣಿಯ ಆ ಮೂಲೆಯಲ್ಲಿ ಕಲ್ಲು ಜೋಡಿಸುತ್ತಿದ್ದ ಕೂಲಿಯವರು ಓಡಿ ಬಂದರು. ಹೀಗೆ ಎಲ್ಲರೂ ಸುತ್ತ ಇದ್ದರು.

ವೈಜನಾಥನೇ ಮೊದಲು ಮಾತಾಡಿದ. "ಭಾಯಿ, ಕವಲಿನಾಗ ಯಾರೂ ಇರಲಿಲ್ರಿ. ಅದಕ್ಕ ನೇರ ಬಂದೆ."

ನಜೀರ್ ಭಾಯಿ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ಬರೀ ಕೇಳಿದರು: "ನೀ ಎಲ್ಲಿದ್ದಿ?"

ನಾನು ಹೇಳಿದೆ: "ಅಲ್ಲೇ ನಿಂತಿದ್ದೆ, ಭಾಯಿ. ಕೈ ಬೀಸಿದೆ. ಅಂವ ನೋಡಲಿಲ್ಲ."

ಇಷ್ಟೇ. ಮೂರು ತುಂಡು ಮಾತು. ವೈಜನಾಥ ನನ್ನ ಮುಖವನ್ನೇ ನೋಡಿದ. ಅವನು ಜಗಳಾಡಿದ್ದರೆ, ಸುಳ್ಳು ಹೇಳಬೇಡ್ರಿ ಅಂದಿದ್ದರೆ, ಆ ಕ್ಷಣವೇ ನನ್ನ ಬಾಯಿಂದ ಖರೇ ಬರುತ್ತಿತ್ತೋ ಏನೋ — ಹೀಗೆ ನಾನು ಎಷ್ಟೋ ಸಲ ಅಂದುಕೊಂಡು ಸಮಾಧಾನ ಮಾಡಿಕೊಂಡಿದ್ದೇನೆ. ಅದೂ ನೆವ. ಅವನು ಜಗಳಾಡಲಿಲ್ಲ. ಹಿಂದಿನ ವರ್ಷ ಅವನ ಮನೆಯ ಆಕಳಿಗೆ ಕರು ಅಡ್ಡ ಸಿಕ್ಕಿದಾಗ ಮಳೆಯಲ್ಲಿ ಹೋಗಿ ಎರಡೂ ಜೀವ ಉಳಿಸಿಕೊಟ್ಟವಳು ನಾನು. ನನ್ನ ಮಾತು ಅವನಿಗೆ ದೊಡ್ಡದು. ನನ್ನ ಮೈಮೇಲೆ ಕಿತ್ತಳೆ ಬಣ್ಣದ ಜಾಕೀಟು, ಹರದಾರಿ ದೂರದಿಂದಲೂ ಎದ್ದು ಕಾಣುವಂಥದ್ದು. ಅದನ್ನು ಒಮ್ಮೆ ನೋಡಿದ, ಕಣ್ಣು ಮುಚ್ಚಿ ತೆರೆದು ಮತ್ತೆ ನೋಡಿದ. ಆಮೇಲೆ ಮೆಲ್ಲಗೆ, "ಹೌದೇನ್ರಿ ಅಕ್ಕೋರ? ಹಂಗಾದ್ರ ನನಗ ಕಾಣಲೇ ಇಲ್ಲ ಬಿಡ್ರಿ" ಅಂದ.

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ನನ್ನ ಸುಳ್ಳಿಗೆ ಕಾಲಿದ್ದವು. ಅದು ಗ್ಯಾರೇಜಿಗೆ ಹೋಯಿತು, ದುಬಲಗುಂಡಿಗೆ ಹೋಯಿತು, ಚಹಾದಂಗಡಿಗಳಲ್ಲಿ ಕೂತಿತು. ಎದುರಿಗೆ ನಿಂತ ಮನುಷ್ಯರು ಕಾಣಲಿಲ್ಲವಂತೆ, ಅದೂ ಕಿತ್ತಳೆ ಜಾಕೀಟು — ಜನ ಮೊದಲು ನಕ್ಕರು, ಆಮೇಲೆ ಗಾಬರಿಪಟ್ಟರು, ಅವನ ವ್ಯಾನಿನಲ್ಲಿ ತಮ್ಮ ಮಕ್ಕಳು ಕೂರುತ್ತಾರಲ್ಲ. ಕಣ್ಣಿನ ಡಾಕ್ಟರು ಕಣ್ಣು ಚೊಲೋ ಇವೆ ಅಂದರು. ಹಾಗಾದರೆ ತಲೆಯಲ್ಲೇ ಏನೋ ಇರಬೇಕು ಅಂದರು ಊರವರು. ಅವನ ತಾಯಿ ತಾಯಿತ ಕಟ್ಟಿದಳು. ಕಾಲು ಕೂಡಿಬಂತು, ಹೆಗಲು ಕೂಡಿಬಂತು. ಶಾಲೆಯವರು ಬಾ ಅಂದರು. ಅವನೇ ಕೀಲಿ ಹಿಂದಿರುಗಿಸಿದ. ಯಾಕಪ್ಪಾ ಎಂದು ನಜೀರ್ ಭಾಯಿ ಕೇಳಿದ್ದಕ್ಕೆ, "ಕೂಸುಗೋಳು ಕೂತಿರ್ತಾವ, ಭಾಯಿ. ನಾಳಿ ಮತ್ತೊಮ್ಮೆ ಕಾಣಲಾರ್ದಂಗಾದ್ರ?" ಅಂದನಂತೆ. ನನ್ನೆದುರೇ ನಜೀರ್ ಭಾಯಿ ಇದನ್ನು ಹೇಳಿದರು. ನಾನು ಚಹಾ ಕುಡಿಯುತ್ತಿದ್ದೆ. ಕುಡಿದು ಮುಗಿಸಿದೆ.

ಒಂದು ಮಾತಿದೆ, ಇದನ್ನು ಹೇಳಲು ನನಗೆ ಎಲ್ಲಕ್ಕಿಂತ ನಾಚಿಕೆ. ಕೀಲಿ ಹಿಂದಿರುಗಿಸುವ ಮೊದಲು ಅವನು ಕುಂಟುತ್ತ ನಾನು ಕೆಲಸ ಮಾಡುವ ದನದ ದವಾಖಾನೆಗೆ ಬಂದಿದ್ದ. "ಅಕ್ಕೋರ, ಆವತ್ತು ನೀವು ಬರೋಬ್ಬರಿ ಎಲ್ಲಿ ನಿಂತಿದ್ರಿ? ಡಾಕ್ಟರ್ ಕೇಳಾಕತ್ತಾರ. ಬೆಳಕಿಗೆ ಎದುರಿದ್ರ ಕೆಲವೊಮ್ಮೆ ಕಾಣಂಗಿಲ್ಲಂತ." ದೇವರೇ ಬಾಗಿಲು ತೆರೆದು ಕೊಟ್ಟ ಹಾಗಿತ್ತು. ಕನಿಷ್ಠ, ಬೆಳಕಿಗೆ ಎದುರಿದ್ದೆ ಎಂದಾದರೂ ಹೇಳಬಹುದಿತ್ತು, ಅವನ ಕಣ್ಣಾದರೂ ಉಳಿಯುತ್ತಿತ್ತು. ಆದರೆ ಅವನು ಜಾಗಕ್ಕೆ ಹೋಗಿ ತಾಳೆ ನೋಡಿದರೆ? ಎಲ್ಲಿಯಾದರೂ ಒಂದು ಕಡೆ ನಾನು ಸಿಕ್ಕಿಬಿದ್ದರೆ? "ಬೇವಿನ ಗಿಡದ ಬಾಜೂಕ, ನೆಳ್ಳಾಗ" ಅಂದೆ. ಬರುವವನಿಗೆ ಬಿಸಿಲು ಬೆನ್ನಿಗಿರುವ ಕಡೆ. ಎಂಥ ಕಣ್ಣಿಗಾದರೂ ಕಾಣುವ ಕಡೆ. ಅವನು ತಲೆ ಅಲ್ಲಾಡಿಸಿ ಹೋದ. ಬಿದ್ದ ದಿನದ ಸುಳ್ಳಿಗೆ ಹೆದರಿಕೆ ಎಂಬ ಹೆಸರು ಕೊಡಬಹುದೇನೋ. ಇದಕ್ಕೆ ಏನು ಹೆಸರು ಕೊಡಲಿ?

ಕಲಬುರ್ಗಿಯ ಕಡೆಯ ಒಬ್ಬ ಹುಡುಗ ಮೂರನೆಯವನಾಗಿ ಸೇರಿದ. ನಾವು ತರಬೇತಿ ಮುಂದುವರಿಸಿದೆವು. ಮತ್ತೆ ಆ ದಿಬ್ಬಕ್ಕೆ ಬಂದಾಗ ನಾನು ಒಂದೇ ಏಟಿಗೆ ಹತ್ತಿದೆ. ಮೊದಲ ಸಲ ಹತ್ತಿದಳೆಂದು ನಜೀರ್ ಭಾಯಿ ಚಪ್ಪಾಳೆ ತಟ್ಟಿದರು. ಮರಳಿನ ಸವಾರಿಗೂ ಹೋದೆವು, ಮುಗಿಸಿದೆವು. ನಾನು ಎಲ್ಲಿಯೂ ಗಾಡಿ ಬಿಟ್ಟು ಹಿಂದೆ ಸರಿಯಲಿಲ್ಲ. ತಿರುಗಿ ಬಂದ ದಿನ ಗ್ಯಾರೇಜಿನ ಮುಂದೆ ಪೇಢೆ ಹಂಚಿದರು. ವೈಜನಾಥನೂ ಬಂದಿದ್ದ, ಕೋಲೂರಿಕೊಂಡು. ನೆರೆದವರಿಗೆ ನನ್ನನ್ನು ತೋರಿಸಿ, "ನಮ್ಮ ಅಕ್ಕೋರು ಅಂದ್ರ ಅಕ್ಕೋರು. ನಿಂದ್ರು ಅಂದಲ್ಲಿ ನಿಂದ್ರತಾರ. ನಾನೇ ಕುರುಡ ಆಗಿದ್ದೆ" ಎಂದ. ನಗುತ್ತಲೇ ಹೇಳಿದ. ಎಲ್ಲರೂ ನಕ್ಕರು. ನಾನು ಪೇಢೆಯನ್ನು ಬಾಯಲ್ಲಿಟ್ಟುಕೊಂಡೇ ಗ್ಯಾರೇಜಿನ ಹಿಂದೆ ಹೋಗಿ ಉಗುಳಿ ಬಂದೆ.

ಅವನಿಗೆ ಅವತ್ತೇ ಹೇಳಬೇಕಾಗಿತ್ತು. ಮರುದಿನ ಹೇಳುತ್ತೇನೆ ಅಂದುಕೊಂಡೆ. ಮರುದಿನ ಒಂದು ಲಸಿಕೆ ಕೆಲಸ. ಹೀಗೇ — ಯಾವ ದಿನ ನಾನು ಹೇಳದಿರಲು ನಿಶ್ಚಯಿಸಿದೆ ಎಂದು ಕೇಳಿದರೆ ಅಂಥ ದಿನವೇ ಇಲ್ಲ. ದಿನಗಳು ಹೋದವು, ಅಷ್ಟೇ. ಅವನು ದುಬಲಗುಂಡಿ ಬಿಟ್ಟು ಹೆಂಡತಿಯ ತವರಾದ ಹುಡಗಿ ಎಂಬ ಹಳ್ಳಿಗೆ ಹೋಗಿ, ಅವಳ ಅಣ್ಣಂದಿರ ಕುರಿ ಕಾಯತೊಡಗಿದ. ಕಣ್ಣಿಗೆ ಬೀಳದಿದ್ದರೆ ಮನಸ್ಸಿಗೂ ಬೀಳುವುದಿಲ್ಲ ಅಂದುಕೊಂಡೆ.

ಈ ವರ್ಷ ಮುಂಗಾರಿನ ಆರಂಭದಲ್ಲಿ ಅವನು ಒಂದು ಕುರಿಯನ್ನು ದವಾಖಾನೆಗೆ ತಂದ. ಜೊತೆಗೆ ಮಗಳು ಸವಿತಾ, ಎಂಟನೆಯ ಇಯತ್ತೆ ಓದುವವಳು. ಕುರಿಯ ಕೆಚ್ಚಲು ಬಾತಿತ್ತು, ಬಾಗಿಲಲ್ಲಿ ನಿಂತೇ ನಾನು ನೋಡಿದೆ. ಅವನು ಮಾತ್ರ, "ಒಂದು ಕಡೀಗ ಬಾವು ಬಂದಂಗ ಕಾಣ್ತದ್ರಿ. ಖರೇನೋ ಸುಳ್ಳೋ, ನೀವೇ ನೋಡ್ರಿ. ನನ್ನ ಕಣ್ಣಿನ ಮ್ಯಾಲ ಭರೋಸಾ ಇಲ್ಲ" ಅಂದ. ಬೇಸರದಿಂದಲ್ಲ, ಒಬ್ಬರು ತಮಗೆ ಸಕ್ಕರೆ ಕಾಯಿಲೆ ಇದೆ ಎಂದು ಹೇಳುವ ಹಾಗೆ. ನಾನು ಸೂಜಿ ತುಂಬುತ್ತಿದ್ದಾಗ ಮಗಳು ನನ್ನನ್ನು ಕೇಳಿದಳು, ನೀವಾದರೂ ಅಪ್ಪನಿಗೆ ಹೇಳಿ ಎಂದು. ಶಾಲೆ ದೂರ. ಗೆಳತಿಯರೆಲ್ಲ ಸೈಕಲ್ ಮೇಲೆ ಹೋಗುತ್ತಾರೆ. ಅವಳದೂ ಸೈಕಲ್ ಮನೆಯಲ್ಲಿದೆ. ಅಪ್ಪ ಮುಟ್ಟಗೊಡುವುದಿಲ್ಲ.

"ರಕ್ತದಾಗ ಬರ್ತದ್ರಿ ಅಕ್ಕೋರ," ಅಂದ ವೈಜನಾಥ. "ನನ್ನ ಕಣ್ಣೇ ಅದಕೂ ಬಂದಿದ್ರ? ಹೈವೇ ದಾಟಬೇಕು. ಲಾರಿ ಕಾಣಲಿಲ್ಲಂದ್ರ?"

ಅವರು ಹೊರಡುವಾಗ ನೋಡಿದೆ. ರಸ್ತೆಯ ಅಂಚಿಗೆ ಬಂದು ಅವನು ನಿಂತ. ಎರಡೂ ಕಡೆ ಖಾಲಿ ಇತ್ತು. ಆದರೂ ಮಗಳನ್ನು, "ಬಂತೇನು ಏನಾರ?" ಎಂದು ಕೇಳಿದ, ಇಲ್ಲವೆಂದ ಮೇಲೆ ದಾಟಿದ. ನನ್ನ ಸುಳ್ಳು ಇಲ್ಲದ ಒಂದು ರೋಗವನ್ನು ಹುಟ್ಟಿಸಿ, ಆ ಹುಡುಗಿಗೂ ಅಂಟಿಸಿತ್ತು. ನಾನು ಸೂಜಿಯನ್ನು ಅಲ್ಲೇ ಇಟ್ಟು ಕುರ್ಚಿಯ ಮೇಲೆ ಕೂತು ಅತ್ತುಬಿಟ್ಟೆ. ಅತ್ತರೆ ಯಾರಿಗೆ ಏನು ಬಂತು?

ಮುಂದಿನ ಭಾನುವಾರ ಹುಡಗಿ ಹಳ್ಳಿಗೆ ಹೋದೆ. ಹೊಲದ ಬದುವಿನಲ್ಲಿ ಅವರ ಗುಡಿಸಲು, ಕುರಿ ಇನ್ನೂ ದೊಡ್ಡಿಯಲ್ಲಿದ್ದವು. ಕಾಶೀಬಾಯಿ ಕೂರಲು ಕಂಬಳಿ ಹಾಸಿದಳು. ನಾನು ಕೂರಲಿಲ್ಲ. ನಿಂತುಕೊಂಡೇ ಹೇಳಿದೆ. ಮನೆಯಿಂದ ಹೊರಡುವಾಗ ಎಷ್ಟೋ ಮಾತು ಜೋಡಿಸಿಕೊಂಡಿದ್ದೆ, ಯಾವುದೂ ಬಾಯಿಗೆ ಬರಲಿಲ್ಲ. "ವೈಜನಾಥ, ಆವತ್ತು ನಾ ಅಲ್ಲಿರಲಿಲ್ಲ. ದಿಬ್ಬ ಹತ್ತಾಕ ಹೋಗಿದ್ದೆ. ನಿನ್ನ ಕಣ್ಣು ಬರೋಬ್ಬರಿ ಅದಾವ."

ಅವನ ಕೈಯಲ್ಲಿ ಒಂದು ಮರಿ ಇತ್ತು. ಅದನ್ನು ನಿಧಾನವಾಗಿ ಕೆಳಗೆ ಬಿಟ್ಟ. ಅದು ದೊಡ್ಡಿಯ ಕಡೆ ಓಡುವುದನ್ನು ನೋಡಿದ. ಆಮೇಲೆ ಅವನು ಕೇಳಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ.

"ಹತ್ತಿದ್ರೇನು?"

"ಹತ್ತಿದೆ."

"ಆ ಕಲ್ಲು ದಾಟಿ?"

"ದಾಟಿ."

ತಲೆಯಾಡಿಸಿದ. ಒಬ್ಬ ಸವಾರ ಇನ್ನೊಬ್ಬ ಸವಾರಳನ್ನು ಕೇಳುವ ಹಾಗೆಯೇ ಕೇಳಿದ್ದ. "ಹಂಗಾದ್ರ ನಾ ನೋಡಿದ್ದು ಖರೇ ಇತ್ತು," ಅಂದ. ನನಗಲ್ಲ, ಹೆಂಡತಿಯ ಕಡೆ ತಿರುಗಿ ಮತ್ತೊಮ್ಮೆ ಅಂದ, "ಕಾಶಿ, ನಾ ನೋಡಿದ್ದು ಖರೇ ಇತ್ತಂತ."

ಕಾಶೀಬಾಯಿ ಹಾಸಿದ ಕಂಬಳಿಯನ್ನು ಸುತ್ತಿ ಎತ್ತಿಕೊಂಡಳು. ನನ್ನ ಮುಖ ನೋಡದೆ, "ಮಂದಿ ಕಣ್ಣಾಗ ಮಣ್ಣು ಹಾಕ್ತಾರ. ನೀವು ಕಣ್ಣೇ ತಗೊಂಡ್ರಲ್ರಿ ಅಕ್ಕೋರ" ಅಂದು ಒಳಗೆ ಹೋದಳು. ಬೈಗುಳ ಇಷ್ಟೇ. ನಾನು ಊರಿಗೆಲ್ಲ ಬೈಯುವವಳು, ಇಷ್ಟು ಮೆತ್ತಗಿನ ದನಿಯಲ್ಲಿ ಯಾರನ್ನೂ ಬೈದಿಲ್ಲ. ಬಾಗಿಲಲ್ಲಿ ನಿಂತಿದ್ದ ಸವಿತಾ, "ಅಪ್ಪಾ, ಹಂಗಾದ್ರ ನಾ ಸೈಕಲ್ ಹೊಡಿಲೇನು?" ಎಂದಳು. ಅವನು, "ಹೊಡಿ" ಅಂದ. ಅವಳು ಅಪ್ಪನ ಮುಖವನ್ನೇ ನೋಡುತ್ತ ನಿಂತಳು, ಓಡಲಿಲ್ಲ.

ನಾನು ಕ್ಷಮೆ ಕೇಳಿದೆ. ಅವನು ಹೇಳಿದ್ದು: "ಆವತ್ತು ಎಲ್ಲಾರ ಮುಂದ ಹೇಳಿದ್ರಿ. ಇವತ್ತು ನನ್ನ ಮನಿ ಮುಂದ ಹೇಳಾಕತ್ತೀರಿ." ನನಗೆ ಅರ್ಥವಾಯಿತು. ಮಾರನೆಯ ದಿನ ಗ್ಯಾರೇಜಿಗೆ ಹೋಗಿ, ಗಿರಾಕಿಗಳು ಕೂತಿದ್ದಾಗಲೇ ಹೇಳಿದೆ. ನಜೀರ್ ಭಾಯಿ ಕೈಯಲ್ಲಿದ್ದ ಪಾನಾ ಕೆಳಗಿಟ್ಟು ಒಳಗೆ ಹೋದರು. ನಾನು ಅಲ್ಲಿಂದ ಹೊರಡುವ ತನಕ ಹೊರಗೆ ಬರಲಿಲ್ಲ. ಆಮೇಲೂ ನನ್ನೊಡನೆ ಮಾತಾಡಿಲ್ಲ. ದುಬಲಗುಂಡಿಯ ಚಹಾದಂಗಡಿಯಲ್ಲೂ ಹೇಳಿದೆ. ನನ್ನ ಸುಳ್ಳು ಎಲ್ಲೆಲ್ಲಿ ಕೂತಿತ್ತೋ ಅಲ್ಲಿಗೆಲ್ಲ ಹೋಗಲು ನನ್ನ ಒಂದು ಗಾಡಿ ಸಾಲದು, ಅದಕ್ಕೇ ಬರೆಯುತ್ತಿದ್ದೇನೆ. ಓದಿದವರಲ್ಲಿ ಯಾರಾದರೂ ಅವನನ್ನು ಕಾಣಲಾರದವ ಎಂದು ನಕ್ಕಿದ್ದರೆ, ಆ ನಗು ನನ್ನ ಪಾಲಿನದು.

ಆದರೆ ಆ ಭಾನುವಾರದ ಮಾತು ಇನ್ನೂ ಒಂದಿದೆ. ಹೊರಡುವ ಹೊತ್ತಿಗೆ ನನಗೆ ಏನು ಬುದ್ಧಿ ಬಂತೋ — 'ಮಾಡಿದ್ದನ್ನು ಅಲ್ಲೇ, ಆಗಲೇ ಸರಿಮಾಡಿಬಿಡಬೇಕು' ಎಂಬ ಹಳೆ ಅವಸರ — ನನ್ನ ಗಾಡಿಯ ಕೀಲಿಯನ್ನು ಅವನತ್ತ ಚಾಚಿದೆ. ಒಂದು ಸುತ್ತು ಹೋಗಿ ಬಾ ಅಂದೆ. ಅವನು ಕೀಲಿಯನ್ನು ನೋಡಿದ, ತೆಗೆದುಕೊಂಡ. ಗಾಡಿಯ ಮೇಲೆ ಹತ್ತಿ ಕೂತ. ಕೂತ ರೀತಿ ಹಿಂದಿನದೇ, ಬೆನ್ನು ನೆಟ್ಟಗೆ, ದೃಷ್ಟಿ ದೂರಕ್ಕೆ. ಹ್ಯಾಂಡಲಿಗೆ ಕೈ ಹಾಕಿದ.

ಕೈಗಳು ನಡುಗತೊಡಗಿದವು. ಅವನು ಗಟ್ಟಿಯಾಗಿ ಹಿಡಿದ, ಇನ್ನೂ ಹೆಚ್ಚಾಯಿತು. ಸ್ವಲ್ಪ ಹೊತ್ತು ಹಾಗೇ ಕೂತಿದ್ದು ಇಳಿದ, ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟ.

"ಕಣ್ಣು ಚೊಲೋ ಅದಾವಂತ ನನಗ ನೀವು ಬಂದು ಹೇಳಿದ್ರಿ, ಅಕ್ಕೋರ," ಅಂದ. "ಇವಕ್ಕ ಯಾರು ಹೇಳಬೇಕ್ರಿ?" ಎರಡೂ ಕೈಗಳನ್ನು ನನ್ನ ಮುಂದೆ ಹಿಡಿದು ತೋರಿಸಿದ. ಇನ್ನೂ ನಡುಗುತ್ತಿದ್ದವು. ಆಮೇಲೆ ದೊಡ್ಡಿಯ ಮುಳ್ಳು ಸರಿಸಿ ಕುರಿಗಳನ್ನು ಹೊರಗೆ ಬಿಟ್ಟ.

ಅವನ ಎದುರಿಗೆ ನನ್ನಿಂದ ಗಾಡಿ ಚಾಲೂ ಮಾಡಲಾಗಲಿಲ್ಲ. ಹೈವೇಯವರೆಗೂ ತಳ್ಳಿಕೊಂಡು ಬಂದೆ.